‘ಬುಡಿ’ ಎಂದವರು ಯಾರು?

ಕಳೆದ ವಾರ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ರಾಳದ ಹೊಗೆ ಮೂಗಿಗೆ ಬಡಿಯಿತು. ಬೆಸುಗೆ ಹಾಕುವ ಕಾದ ಕಡ್ಡಿಗೆ ರಾಳ ತಗುಲಿದಾಗ ಏಳುವ, ಧೂಪಕ್ಕೂ ಸುಟ್ಟ ತಂತಿಗೂ ನಡುವಣ ಆ ವಾಸನೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ನನ್ನ ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ವೈರ್‌ಲೆಸ್ ಸೆಟ್ಟೊಂದಿತ್ತು.

“ಇದೇನ್ ಯಜಮಾನ್ರೇ, ಇಟ್ಗೆ ತಂದಿದ್ದೀರಾ?” ಎಂದ ಅಂಗಡಿಯಾತ.

“ಇಟ್ಟಿಗೆಯಾದರೆ ಗೋಡೆಗಾದರೂ ಆಗುತ್ತಿತ್ತು. ಇದಕ್ಕೆ ಜೀವ ಬರುತ್ತದೆಯೇ ನೋಡಪ್ಪ” ಎಂದು ಸ್ಟೂಲಿನ ಮೇಲೆ ಕುಳಿತೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ರೇಡಿಯೋ ವಿದ್ಯೆಯನ್ನು ಮೈಸೂರಿನ ರದ್ದಿ ಅಂಗಡಿಗಳ ಪುಸ್ತಕಗಳಿಂದ ಕಲಿತೆ. ಗುರುವಿಲ್ಲದೆ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ನಂಬದಿರುವುದು. ಕೋಟೆಯ ಬಾಗಿಲಲ್ಲಿ ಗೈಡುಗಳು ಯಾತ್ರಿಕರಿಗೆ ಹೇಳುವ ಕಥೆಗಳನ್ನು ನಡುವೆ ಬಾಯಿ ಹಾಕಿ ತಿದ್ದಿ, ಅವರಿಂದ ಬೈಸಿಕೊಂಡಿದ್ದೇನೆ. ಇಂಥ ಸಂಶಯದ ಮನುಷ್ಯ ನಂಬಬೇಕಾಗಿದ್ದ ಒಬ್ಬನೇ ಒಬ್ಬನನ್ನು ನಂಬಲಿಲ್ಲ. ಅದನ್ನು ಹೇಳಲೆಂದೇ ನಿಮ್ಮನ್ನು ಇಲ್ಲಿ ಕೂರಿಸಿಕೊಂಡಿರುವುದು.

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಡೆಯ ಒಂದು ನಾಲೆ ಕಚೇರಿಯಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದೆ. ಆ ಕಾಲಕ್ಕೆ ಎಲ್ಲರಿಗೂ ವೈರ್‌ಲೆಸ್ ಬೇಕಾಗಿತ್ತು. ಲಾರಿಯವರು, ಕಾರ್ಖಾನೆಯವರು, ಕಲ್ಲು ಕ್ವಾರಿಯವರು ಎಲ್ಲರೂ ಪರವಾನಗಿ ಕೇಳಿದರು. ಗಾಳಿಯಲ್ಲಿ ಜಾಗ ಸಾಲದಾಯಿತು. ಆಗ ಮೇಲಿನವರು ಒಂದು ಉಪಾಯ ಕಂಡುಕೊಂಡರು. ಒಂದು ಚಾನೆಲ್ಲಿಗೂ ಮತ್ತೊಂದಕ್ಕೂ ನಡುವೆ ಇದ್ದ ಅಂತರವನ್ನು ಅರ್ಧಕ್ಕೆ ಇಳಿಸಿ, ಇಬ್ಬರಿದ್ದ ಕಡೆ ಮತ್ತೊಬ್ಬನನ್ನು ಕೂರಿಸಿದರು. ಗದ್ದೆಯ ಭಾಷೆಯಲ್ಲಿ ಹೇಳುವುದಾದರೆ, ಬದುಗಳನ್ನು ಸವರಿ ಅಲ್ಲಿಯೂ ಪೈರು ನೆಟ್ಟರು. ಲೆಕ್ಕ ತಪ್ಪಲ್ಲ. ಆದರೆ ಕಿರಿದಾದ ಗದ್ದೆಗೆ ಕಿರಿದಾದ ನೇಗಿಲೂ ಬೇಕಲ್ಲವೇ? ನಮ್ಮ ಹಳೆಯ ಸೆಟ್ಟುಗಳ ಕಿವಿ ಅಗಲವಾದದ್ದು; ಪಕ್ಕದ ಚಾನೆಲ್ಲಿನ ಮಾತನ್ನೂ ಬಾಚಿಕೊಳ್ಳುವಂಥದ್ದು.

ಹೊಸ ಅಂತರಕ್ಕೆ ಹೊಂದುವ ಸೆಟ್ಟು ನಮಗೆ ಬಂದದ್ದು ಒಂದೇ. ಅದನ್ನು ನಾಲೆಯ ತೂಬಿಗೆ ಕಳಿಸಬೇಕಾಗಿತ್ತು. ಏಕೆಂದರೆ ಕೇಳಿಸಿಕೊಂಡು ನೀರು ಬಿಡುವವನು ಅಲ್ಲಿದ್ದ. ವಿದ್ಯೆ ಬಲ್ಲವನು ನಾನೇ ಎಂಬ ಗತ್ತಿನಲ್ಲಿ ಅದನ್ನು ನನ್ನ ಮೇಜಿನ ಮೇಲಿಟ್ಟುಕೊಂಡೆ; ತೂಬಿನಲ್ಲಿ ಹಳೆಯದೇ ಉಳಿಯಿತು.

ತೂಬಿನಲ್ಲಿದ್ದವನು ಜವರಪ್ಪ. ಕೆ.ಆರ್. ಪೇಟೆ ಕಡೆಯವನು, ದಿನಗೂಲಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ತೂಬಿನ ತಿರುಪನ್ನು ಎಷ್ಟು ಸುತ್ತು ಎತ್ತಬೇಕೆಂದು ನಾನು ಹೇಳುವುದು, ಅವನು ಎತ್ತುವುದು. ಮೊದಲು ತೂಬಿನ ಹೆಸರು, ಆಮೇಲೆ ಕಚೇರಿಯ ಹೆಸರು, ಕೊನೆಗೆ ಆದೇಶ ಎಂಬುದು ನಿಯಮ. ದಿನಕ್ಕೆ ಹತ್ತು ಸಲ ಅಷ್ಟೆಲ್ಲ ಯಾರು ಹೇಳುತ್ತಾರೆ? “ಎರಡು ಬುಡ್ಲಾ” ಎನ್ನುತ್ತಿದ್ದೆ. “ಬುಟ್ಟೆ ಕಣಣ್ಣ” ಎನ್ನುತ್ತಿದ್ದ. ನಮ್ಮ ಮಾತು ಅಷ್ಟೇ. ಅದರಲ್ಲಿ ಸಲಿಗೆಯೂ ಇತ್ತು. ಜೊತೆಗೆ, ಈಗ ಯೋಚಿಸಿದರೆ, ನನ್ನ ದೊಡ್ಡಸ್ತಿಕೆಯೂ ಇತ್ತು.

ಒಂದು ಮಧ್ಯಾಹ್ನ ತೂಬಿನ ಕೆಳಗಡೆ, ತಿರುವಿನಾಚೆ, ನಾಲೆಯ ಗೋಡೆಯನ್ನು ಕಲ್ಲುಕುಟಿಗರು ರಿಪೇರಿ ಮಾಡುತ್ತಿದ್ದರು. ಅವರು ಮೇಲೆ ಹತ್ತಿದ ಸುದ್ದಿ ನನಗೆ ಬಂದ ಮೇಲೆ ನಾನು ಹೇಳಬೇಕು, ಜವರಪ್ಪ ನೀರು ಬಿಡಬೇಕು ಎಂದು ಮಾತಾಗಿತ್ತು. ನಾನು ಹೇಳಲಿಲ್ಲ. ಅವನು ಎರಡು ಸುತ್ತು ಎತ್ತಿದ. ನೀರಿನ ರಭಸಕ್ಕೆ ಅವರು ನಿಂತು ಕೆಲಸ ಮಾಡುತ್ತಿದ್ದ ಮರದ ಸಾರುವೆ ಉರುಳಿ, ಒಬ್ಬ ಕುಟಿಗನ ಕಾಲು ಕಲ್ಲಿನಡಿ ಸಿಕ್ಕಿ ಜಜ್ಜಿಹೋಯಿತು.

ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಎರಡೇ ಪ್ರಶ್ನೆ ಕೇಳಿದರು. ನೀರು ಬಿಡಲು ಹೇಳಿದಿರಾ? ಇಲ್ಲ. ಆ ಹೊತ್ತಿನಲ್ಲಿ ನಿಮ್ಮ ಸೆಟ್ಟಿನಲ್ಲಿ ಬೇರೆ ಯಾರ ದನಿಯಾದರೂ ಕೇಳಿತೇ? ಇಲ್ಲ. ಎರಡೂ ನಿಜ.

ಜವರಪ್ಪ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದವನು ಒಂದು ಹೆಜ್ಜೆ ಮುಂದೆ ಬಂದ.

“ಸುಳ್ ಯೋಳ್ಬ್ಯಾಡ ಕಣಣ್ಣ. ಎರಡು ಬುಡಿ ಅಂತ ಅಂದೆ ನೀನು. ಯಾವತ್ತೂ ಬುಡ್ಲಾ ಅನ್ನೋವ್ನು ಅವತ್ತು ಬುಡಿ ಅಂದೆ. ಸಾಯೇಬ್ರು ಪಕ್ಕದಾಗವ್ರೆ, ಅದ್ಕೇ ಅಣ್ಣ ಮರ್ವಾದೆ ಕೊಡ್ತಾವ್ನೆ ಅಂದ್ಕಂಡೆ. ಅಂಗಂದ್ಮೇಲೆ ಸುಮ್ಕಿರಾಕಾಯ್ತದಾ? ತಕ್ಷಣ ಬುಟ್ಟೆ.”

ನನಗೆ ಸಿಟ್ಟು ಬಂತು. “ನಿಂಗೆ ಬುಡಿ ಅನ್ನಾಕೆ ನಂಗೇನ್ ತಲೆ ಕೆಟ್ಟಿತ್ತೇನ್ಲಾ?” ಎಂದುಬಿಟ್ಟೆ.

ಗುಮಾಸ್ತ ನಕ್ಕ. ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಅಧಿಕಾರಿಯ ಮೀಸೆಯೂ ಅಲುಗಿತು. ಅಷ್ಟು ಹೊತ್ತಿಗೆ ವಿಚಾರಣೆ ಮುಗಿದಿತ್ತು.

ಸುಳ್ಳು ಹೇಳುವವನು ದಿನವೂ ಕೇಳುವ ಮಾತನ್ನೇ ಕೇಳಿದೆ ಎನ್ನುತ್ತಾನೆ. ಕೇಳದ ಮಾತನ್ನು ಕೇಳಿದೆ ಎಂದು ತನಗೇ ಬೆರಗಾದವನಂತೆ ಹೇಳುತ್ತಿದ್ದ ಮನುಷ್ಯ ಸುಳ್ಳನಾಗಿರಲಾರ. ಕೋಟೆಯ ಗೈಡುಗಳ ಕಥೆಯಲ್ಲಿ ಕೂದಲು ಸೀಳುವ ನನಗೆ ಅಂದು ಇದು ಹೊಳೆಯಲಿಲ್ಲ. ವರದಿಯ ಪ್ರತಿ ಕೈಗೆ ಬಂದಾಗ ಅದರಲ್ಲಿ ಹೀಗಿತ್ತು: ‘ಸದರಿ ನೌಕರನು ತನಗೆ ನೀರು ಬಿಡುವಂತೆ ಸೂಚಿಸಲಾಯಿತೆಂದು ಹೇಳಿರುತ್ತಾನೆ. ಅಂತಹ ಸೂಚನೆ ನೀಡಿರುವುದು ಕಂಡುಬಂದಿರುವುದಿಲ್ಲ.’ ‘ಬುಡ್ಲಾ’ವೂ ಇಲ್ಲ, ‘ಬುಡಿ’ಯೂ ಇಲ್ಲ. ಶುದ್ಧ ಕನ್ನಡಕ್ಕೆ ಇಳಿಯುವಾಗ ಅವನ ಬಳಿಯಿದ್ದ ಒಂದೇ ಸಾಕ್ಷಿ ಸೋರಿಹೋಗಿತ್ತು. ಮಾರನೆಯ ದಿನದಿಂದ ಅವನಿಗೆ ಕೆಲಸವಿರಲಿಲ್ಲ. ದಿನಗೂಲಿಯವನಿಗೆ ಮೇಲ್ಮನವಿಯೂ ಇರಲಿಲ್ಲ.

ತೂಬಿನಿಂದ ಹಿಂದಕ್ಕೆ ತಂದ ಅವನ ಹಳೆಯ ಸೆಟ್ಟು ನನ್ನ ಕಪಾಟಿನ ಮೇಲೆ ಕುಳಿತಿತ್ತು. ತಿಂಗಳೊಪ್ಪತ್ತಿನ ಮೇಲೆ, ಒರೆಸಿಡೋಣವೆಂದು ಕೆಳಗಿಳಿಸಿ ಸುಮ್ಮನೆ ಚಾಲೂ ಮಾಡಿದೆ. ಯಾರ ದನಿಯೆಂದು ಗುರುತು ಹತ್ತದಂಥ ಗೊರಗೊರ ಸದ್ದಿನ ನಡುವೆ, ನಾಗಮಂಗಲದ ದಿಕ್ಕಿನ ಯಾವುದೋ ಕ್ವಾರಿಯವನು ತನ್ನ ಗೇಟಿನವರಿಗೆ ಹೇಳುತ್ತಿದ್ದ: “ಎರಡು ಬುಡಿ. ಲೋಡ್ ಆಗೈತೆ, ಎರಡು ಬುಡಿ.” ಪಕ್ಕದಲ್ಲೇ ಇದ್ದ ನನ್ನ ಹೊಸ ಸೆಟ್ಟು ಏನೂ ಕೇಳದಂತೆ ತೆಪ್ಪಗಿತ್ತು. ಕ್ವಾರಿಯವನದೂ ತಪ್ಪಲ್ಲ, ಅವನು ತನ್ನ ಲಾರಿಗಳನ್ನು ತನ್ನ ಚಾನೆಲ್ಲಿನಲ್ಲಿ ಬಿಡುತ್ತಿದ್ದ.

ಮರುವಿಚಾರಣೆ ಕೋರಿ ಇಲಾಖೆಗೆ ಅರ್ಜಿ ಬರೆದೆ. ಅಂತರ, ಕಿವಿ, ಬದು ಎಲ್ಲವನ್ನೂ ಚಿತ್ರ ಸಮೇತ ವಿವರಿಸಿದೆ. ‘ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ’ ಎಂಬ ಉತ್ತರ ಬಂತು. ಮತ್ತೆ ಬರೆದೆ, ಅದೇ ಉತ್ತರ, ಬೇರೆ ಸಹಿ. ಮೂರನೆಯದಕ್ಕೆ ಉತ್ತರವೇ ಬರಲಿಲ್ಲ.

ಜವರಪ್ಪ ಆಗ ಗಂಜಾಂನಲ್ಲಿ, ದೇವಸ್ಥಾನದ ದಾರಿಯಲ್ಲಿ ಕುಳಿತು ತೆಂಗಿನಕಾಯಿ, ಹೂ ಮಾರುತ್ತಿದ್ದ. ಒಂದು ಬೆಳಿಗ್ಗೆ ಹೋಗಿ ಅವನ ಪಕ್ಕದ ಗೋಣಿಚೀಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ನೀನು ಹೇಳಿದ್ದೇ ನಿಜ, ದನಿ ಮಾತ್ರ ನನ್ನದಲ್ಲ ಎಂದೆ. ಅವನಿಗೆ ಸಮಾಧಾನವಾದೀತೆಂದು ನಾನು ಲೆಕ್ಕ ಹಾಕಿದ್ದೆ. ಅವನು ಕೈಯಲ್ಲಿದ್ದ ಕಾಯಿಯ ಜುಟ್ಟನ್ನು ಎಳೆ ಎಳೆಯಾಗಿ ಬಿಡಿಸಿದ.

“ಅಂಗಾದ್ರೆ ನೀನು ಬುಡಿ ಅಂದೇ ಇರ್ನಿಲ್ವಾ?”

“ಇಲ್ಲ ಕಣೋ.”

“ಕೆಲ್ಸ ಓದ್ರೆ ಓಯ್ತು ಬುಡು. ಆ ಕುಟುಗನ್ ಕಾಲ್ ನೆನುಸ್ಕಂಡ್ರೆ ಅನ್ನ ಸೇರಾಕಿಲ್ಲ, ಅದ್ ಬ್ಯಾರೆ ಮಾತು. ಆದ್ರೂವೆ, ಅಣ್ಣ ಸುಳ್ ಯೋಳುದ್ರೂ ಒಂದ್ಸಲ ಮರ್ವಾದೆ ಕೊಟ್ಟಿದ್ದ ಅಂತ ಇದ್ದೆ. ಈಗ ಅದೂ ಯಾವನ್ದೋ ಲಾರಿಗೆ ಯೋಳಿದ್ದಾ?” ಎಂದು ಕಾಯಿಯನ್ನು ರಾಶಿಗೆ ಹಾಕಿದ.

ಅವನನ್ನು ಆಗಲೇ ‘ಜವರಪ್ಪನವರೇ, ಬನ್ನಿ, ಕಾಫಿ ಕುಡಿಯೋಣ’ ಎಂದು ಕರೆಯಬಹುದಿತ್ತು. ನಾಲಗೆ ಏಳಲಿಲ್ಲ. ಸತ್ಯ ತಿಳಿಸಿದೆನೆಂಬ ತೃಪ್ತಿಯನ್ನು ಹುಡುಕಿಕೊಂಡು ಹೋದವನು, ಅವನಲ್ಲಿ ಉಳಿದಿದ್ದ ಕೊನೆಯದನ್ನೂ ಕಿತ್ತುಕೊಂಡು ಬಸ್ಸು ಹತ್ತಿದೆ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ. ಕಚೇರಿಯ ವೈರ್‌ಲೆಸ್ಸುಗಳನ್ನು ಗುಜರಿಗೆ ಹಾಕಿದಾಗ ಅವನ ಸೆಟ್ಟನ್ನು ನಾನು ಕೇಳಿ ಪಡೆದುಕೊಂಡೆ. ಎಂದಾದರೊಂದು ದಿನ ಇದನ್ನು ಚಾಲೂ ಮಾಡಿ, ಯಾರಾದರೂ ಒಬ್ಬ ಅಧಿಕಾರಿಯನ್ನು ಕೂರಿಸಿ, ಪಕ್ಕದ ಚಾನೆಲ್ಲಿನ ಮಾತು ಹೇಗೆ ನುಸುಳುತ್ತದೆಂದು ಕೇಳಿಸಬೇಕೆಂಬ ಹಟ.

ಅಂಗಡಿಯಾತ ಎರಡು ಬೆಸುಗೆ ಹಾಕಿ ತಂತಿ ಜೋಡಿಸಿದ. ಸೆಟ್ಟಿನ ಕೆಂಪು ದೀಪ ಹತ್ತಿತು. ಗುಂಡಿ ತಿರುಗಿಸಿ, ತಿರುಗಿಸಿ ಕೇಳಿದೆ. ಸುಯ್ಯೆನ್ನುವ ಸದ್ದು, ಅಷ್ಟೇ. ಜಾಗ ಸಾಲದೆಂದು ಬದು ಸವರಿದ ಆ ಗದ್ದೆಗಳಲ್ಲಿ ಈಗ ಒಬ್ಬರೂ ಇರಲಿಲ್ಲ. ಎಲ್ಲರೂ ಮೊಬೈಲಿಗೆ ಹೊರಟುಹೋಗಿದ್ದರು. ನನ್ನ ಸಾಕ್ಷಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಹೇಳಲು ಅದರ ಬಳಿ ಏನೂ ಉಳಿದಿರಲಿಲ್ಲ. ಆದರೂ ಕಿವಿಯನ್ನು ಅದಕ್ಕೆ ಒತ್ತಿ ಹಿಡಿದು ಕುಳಿತೆ.

ಅಂಗಡಿಯಾತ ನೋಡಿ ನೋಡಿ, ಮೆಲ್ಲಗೆ ಅಂದ: “ಬುಡಿ.”

ಯಾರಿಗೆ ಹೇಳಿದನೆಂದು ನಾನು ಹಿಂತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.