ಚೀಟಿಯ ಮೇಲೆ 'ಆಲ್ಮೋಸ್ಟ್'

ಸೋಪಕ್ಕ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕಲೆ ತೆಗೆದವಳು. ಅವಳು ಕಣ್ಣು ಕೆಕ್ಕರಿಸಿದರೆ ಅರ್ಧ ಕಲೆಗಳು ತಾವಾಗಿಯೇ ಬಟ್ಟೆ ಬಿಟ್ಟು ಓಡುತ್ತಿದ್ದವು. ಬ್ರಷ್ಷು ಬೇಕಾಗುತ್ತಿದ್ದುದು ಮಿಕ್ಕ ಮೊಂಡ ಕಲೆಗಳಿಗೆ ಮಾತ್ರ. ಆ ಹಬೆಯಲ್ಲಿ ನಿಂತೂ ನಿಂತೂ ಎರಡೂ ಮೊಣಕಾಲು ಮುಷ್ಕರ ಹೂಡಿದಾಗ, ಅಂಗಡಿಯ ಯಜಮಾನರು ಒಂದು ವಾರದ ಪರೀಕ್ಷೆಗೆಂದು ಅವಳನ್ನು ಮುಂದಿನ ಕೌಂಟರಿಗೆ ಹಾಕಿದರು. ಕಲೆ ಉಳಿದಿದೆಯೆಂದು ಒಂದೇ ಒಂದು ಬಟ್ಟೆ ವಾಪಸ್ ಬಂದರೂ ಮತ್ತೆ ಹಬೆಯೇ ಗತಿ.

ಒಗೆದು ಬಂದ ಪ್ರತಿ ಬಟ್ಟೆಗೂ ಅದು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಚುಚ್ಚಬೇಕು. ಬರೆದವರೇ ಗಿರಾಕಿಗೆ ಉತ್ತರ ಹೇಳಬೇಕು. ಸೋಪಕ್ಕನಿಗೆ ಬರುತ್ತಿದ್ದುದು 'ಕ್ಲೀನ್' ಒಂದೇ. ರಾತ್ರಿ ಮನೆಯಲ್ಲಿ ಅಕ್ಕನ ಮಗಳು ದಿನಕ್ಕೊಂದು ಪದ ಕಲಿಸುತ್ತಿದ್ದಳು. ಗುರುವಾರದ್ದು 'ಆಲ್ಮೋಸ್ಟ್'.

"ಅಂದ್ರೆ ಹೆಚ್ಚುಕಡಿಮೆ, ಚಿಕ್ಕಮ್ಮ. ಐ ಆಲ್ಮೋಸ್ಟ್ ಫೆಲ್ ಅಂದ್ರೆ ಇನ್ನೇನು ಬೀಳ್ತಿದ್ದೆ ಅಂತ."

"ಬಿದ್ಯೋ ಇಲ್ವೋ?"

"ಬೀಳಲಿಲ್ಲ."

"ಬೀಳದೇ ಇದ್ದಮೇಲೆ ಊರಿಗೆಲ್ಲ ಯಾಕೆ ಹೇಳ್ಕೊಂಡು ತಿರುಗಬೇಕು?"

"ಹತ್ತಿರಕ್ಕೆ ಹೋಗಿತ್ತು ಅಂತ ತಿಳಿಸೋಕೆ. ಅಡುಗೆ ಆಲ್ಮೋಸ್ಟ್ ರೆಡಿ ಅಂದ್ರೆ ತಟ್ಟೆ ಹಾಕ್ಕೊಂಡು ಕೂತ್ಕೋಬಹುದು, ಆದ್ರೆ ಇನ್ನೂ ಆಗಿಲ್ಲ."

"ಹಾಗಿದ್ರೆ ನಿಮ್ಮ ಚಿಕ್ಕಪ್ಪ ಮೂವತ್ತು ವರ್ಷದಿಂದ ಆಲ್ಮೋಸ್ಟ್ ಕೆಲಸಕ್ಕೆ ಹೋಗ್ತಿದ್ದಾರೆ ಬಿಡು," ಅಂದಳು ಸೋಪಕ್ಕ. ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪ ಪೇಪರಿನ ಪುಟ ತಿರುವಿದರು.

ಶುಕ್ರವಾರ ಬೆಳಿಗ್ಗೆ ಹಿಂದಿನ ಕೋಣೆಯಿಂದ ಒಬ್ಬ ಹಾಡುಗಾರ್ತಿಯ ಬಿಳಿ ಕೋಟು ಬಂತು. ಸಂಜೆಯ ಕಾರ್ಯಕ್ರಮಕ್ಕೆ ಅದೇ ಬೇಕು. ಸೋಪಕ್ಕ ತೋಳನ್ನು ಬೆಳಕಿಗೆ ಹಿಡಿದಳು. ಸಾಸಿವೆಯಷ್ಟು ನೀಲಿ ಶಾಯಿ ಇನ್ನೂ ಅಲ್ಲೇ ಇತ್ತು; ಇಡೀ ಒಂದು ದಿನ ಕೊಡದೆ ಬಿಡುವ ಜಾತಿಯದಲ್ಲ.

"ಕ್ಲೀನ್ ಅಂತ ಬರಿ, ಸೋಪಕ್ಕ. ಯಾರು ದುರ್ಬೀನು ಹಿಡ್ಕೊಂಡು ಬರ್ತಾರೆ?" ಅಂದರು ಯಜಮಾನರು.

ಸೋಪಕ್ಕ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ, ಪೆನ್ನಿಗೇ ತಲೆ ಸುತ್ತು ಬರಿಸಿದಳು. ಕೊನೆಗೆ 'ಆಲ್ಮೋಸ್ಟ್ ಕ್ಲೀನ್' ಎಂದು ಬರೆದು ಪಿನ್ನು ಚುಚ್ಚಿದಳು.

"ಇದನ್ನ ಗಿರಾಕಿ ಮುಂದೆ ಇಡ್ತೀಯಾ?"

"ಬರೆದವಳು ನಾನು, ಬೈಸಿಕೊಳ್ಳೋಳೂ ನಾನೇ, ಯಜಮಾನ್ರೇ."

ಬಾಯಲ್ಲಿ ಧೈರ್ಯವೇನೋ ಇತ್ತು, ಕಾಲು ಮಾತ್ರ ನೋವು ಮರೆತು ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೂ ಕೌಂಟರಿಗೂ ನಡುವೆ ಅವಳು ತಿರುಗಿದ ದಾರಿಯನ್ನು ನೇರ ಮಾಡಿದ್ದರೆ ಪಕ್ಕದ ದೇಶ ಸಿಗುತ್ತಿತ್ತು. ಊಟದ ಡಬ್ಬಿ ತೆರೆದಳು, ಮುಚ್ಚಿದಳು. ಬೆಳಿಗ್ಗೆಯೇ ಒರೆಸಿದ್ದ ಗಾಜನ್ನು ಮತ್ತೆ ಒರೆಸಿದಳು. ಗಡಿಯಾರ ಅಂದು ಗಂಟೆಗೆ ತೊಂಬತ್ತು ನಿಮಿಷದ ಲೆಕ್ಕದಲ್ಲಿ ತೆವಳುತ್ತಿತ್ತು.

ನಾಲ್ಕಕ್ಕೆ ಹಾಡುಗಾರ್ತಿ ಬಂದು ಚೀಟಿ ಓದಿದರು.

"ಎಲ್ಲಿ ಉಳಿದಿದೆ?"

ಸೋಪಕ್ಕ ತೋಳು ತಿರುಗಿಸಿ ತೋರಿಸಿದಳು.

"ಜನಕ್ಕೆ ಕಾಣುತ್ತಾ?"

ಯಜಮಾನರು ಜೋರಾಗಿ ಕೆಮ್ಮಿದರು.

"ಮುಂದಿನ ಸಾಲಿನವರಿಗೆ ಕಾಣುತ್ತೆ, ಮೇಡಂ. ನೀವು ಕೈ ಎತ್ತಿ ಹಾಡೋರಾದ್ರೆ ಎರಡನೇ ಸಾಲಿಗೂ."

ಹಾಡುಗಾರ್ತಿ ತಮ್ಮ ಕೈಯನ್ನೊಮ್ಮೆ ಎತ್ತಿ ನೋಡಿಕೊಂಡರು. "ಇವತ್ತಿಗೆ ಕಪ್ಪು ಕೋಟು ಹಾಕ್ಕೋತೀನಿ. ಇದನ್ನ ಇನ್ನೊಂದ್ಸಲ ನೋಡಿ. ನೀವೇ ನೋಡಿ," ಎಂದು ಕೋಟನ್ನು ಅಲ್ಲೇ ಬಿಟ್ಟು ಹೋದರು.

ಯಜಮಾನರು ಕೋಟಿನ ಕಡೆ ಬೆರಳು ತೋರಿಸಿದರು. "ಬಟ್ಟೆ ವಾಪಸ್ ಬಂತಲ್ಲ."

"ಎಲ್ಲಿ ಬಂತು? ಹೋಗೇ ಇಲ್ವಲ್ಲ, ಯಜಮಾನ್ರೇ. ಕೌಂಟರ್ ದಾಟಿದ್ರೆ ತಾನೇ ವಾಪಸ್ ಬರೋದು?"

ಯಜಮಾನರು ಚಾವಣಿ ನೋಡಿದರು. ಒಂದು ಸ್ಟೂಲು ಎಳೆದು ತಂದು ಅವಳ ಕಾಲ ಬಳಿ ಇಟ್ಟರು.

"ಕೂತ್ಕೊಂಡೇ ಉಜ್ಜು. ಇಲ್ಲೇ, ಕೌಂಟರ್ ಹಿಂದೆ. ಗಿರಾಕಿ ಬಂದ್ರೆ ಎದ್ದೇಳು."