ಅವನ ಚೀಲದಲ್ಲೂ ಒಂದು ಗಂಟಿತ್ತು

ಇಂಬಳಕ್ಕೆ ನಾನು ಹೆದರುವವನಲ್ಲ. ಮಳೆಗಾಲದ ಕಾಡಿನಲ್ಲಿ ಕಾಲಿಗೆ ಹತ್ತುತ್ತದೆ, ರಕ್ತ ಕುಡಿಯುತ್ತದೆ, ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ಮನುಷ್ಯರಿಗೆ ಹೋಲಿಸಿದರೆ ಮರ್ಯಾದಸ್ಥ ಪ್ರಾಣಿ. ಆದರೆ ನನ್ನ ಗೆಳೆಯನ ಅಮ್ಮನಿಗೆ ಅದನ್ನು ಕಂಡರಾಗದು. ನಾವಿಬ್ಬರೂ ಸಂಸೆ ಕಡೆಯ ಗುಡ್ಡ ಹತ್ತಲು ಹೊರಟಾಗಲೆಲ್ಲ ಅವರು ಉಪ್ಪು, ಸುಣ್ಣದ ಪುಡಿ, ಹೊಗೆಸೊಪ್ಪಿನ ಪುಡಿ ಬೆರೆಸಿ ಹಳೇ ಸೀರೆಯ ತುಂಡಿನಲ್ಲಿ ಎರಡು ಗಂಟು ಕಟ್ಟುತ್ತಿದ್ದರು. ಒಂದು ಮಗನಿಗೆ, ಒಂದು ನನಗೆ. ಗಂಟನ್ನು ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಇಂಬಳ ಕಚ್ಚಿದ್ದನ್ನು ಬಿಟ್ಟು ಉರುಳುತ್ತದೆ.

ಅವನು ಜಾವಳಿ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ ಮಗ. ನಾನು ಮೂಡಿಗೆರೆ ರಸ್ತೆಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಸಾಹೇಬರ ಮಗ, ಈಗ ನಾನೇ ರಿಪೇರಿ ಮಾಡುವವನು. ಶಾಲೆಯಲ್ಲಿ ಒಂದೇ ಬೆಂಚು. ಕುದುರೆಮುಖದ ಸುತ್ತ ಅವನಿಲ್ಲದೆ ನಾನು ಹತ್ತಿದ ಗುಡ್ಡವಿಲ್ಲ. ಒಮ್ಮೆ ಹೊರದೇಶದ ಹಿಮದ ಗುಡ್ಡಗಳಲ್ಲೂ ಒಟ್ಟಿಗೆ ನಡೆಯಬೇಕು ಅನ್ನುವುದು ನಮ್ಮ ಆಸೆ. ಬೆನ್ನಿಗೆ ಒಂದೊಂದು ಚೀಲ ಹಾಕಿಕೊಂಡು ಕೊನೆಗೂ ಹೊರಟೆವು.

ಹೊರಡುವ ದಿನ ಅವನ ಅಮ್ಮ ರೂಢಿಯಂತೆ ಗಂಟು ಕಟ್ಟಿದರು. ಹಿಮದಲ್ಲಿ ಇಂಬಳ ಎಲ್ಲಿಂದ ಬರುತ್ತದಮ್ಮ ಎಂದು ನಾನು ನಕ್ಕೆ. “ಗುಡ್ಡ ಅಂದ್ಮೇಲೆ ಕಾಡಿರ್ತದೆ, ಕಾಡು ಅಂದ್ಮೇಲೆ ಇಂಬಳ ಇರ್ತದೆ, ಸುಮ್ನೆ ಇಟ್ಕೊ ಮಾರಾಯ” ಎಂದು ತಾವೇ ನನ್ನ ಚೀಲದ ಪಕ್ಕದ ಜೇಬಿಗೆ ತುರುಕಿದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನನ್ನ ಗಂಟನ್ನು ಮೂಸಿ, ಸೀನಿ, ನಕ್ಕು ಬಿಟ್ಟುಕಳಿಸಿದ್ದ.

ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಮತ್ತೆ ತಪಾಸಣೆ. ಗೆಳೆಯನ ಚೀಲ ಯಂತ್ರದೊಳಗೆ ಹೋಗಿ ಆಚೆ ಬಂತು. ನನ್ನದೂ ಬಂತು, ಆದರೆ ನನ್ನದನ್ನು ಪಕ್ಕಕ್ಕೆ ಎಳೆದರು. ಯಂತ್ರಕ್ಕೆ ಪಾಸ್‌ಪೋರ್ಟ್ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಅದರ ಪಕ್ಕದಲ್ಲಿ ನಿಂತಿದ್ದ ಅಧಿಕಾರಿ ನನ್ನ ಹೆಸರು ಓದಿದ್ದ.

ಅಧಿಕಾರಿ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದ. ಇದೇನು ಎಂದ. ನನಗೆ ಬರುವ ಇಂಗ್ಲಿಷಿನಲ್ಲಿ ರಕ್ತ ಕುಡಿಯುವ ಹುಳಕ್ಕೆ ಹಾಕುವ ಪುಡಿ ಎಂದೆ. ರಕ್ತ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಇನ್ನಿಬ್ಬರನ್ನು ಕರೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಮ್ಮೂರಲ್ಲಿ ಮಾತ್ರ ಇರುವುದೆಂದು ತಿಳಿದಿದ್ದೆ.

ಆಗಲೂ ನನಗೆ ಭಯವಾಗಲಿಲ್ಲ. ಗಾಜಿನ ಆಚೆ ಗೆಳೆಯ ಬೆಲ್ಟು ಬಿಗಿದುಕೊಳ್ಳುತ್ತ ನಿಂತಿದ್ದ. ಅವನ ಚೀಲದಲ್ಲೂ ಒಂದು ಗಂಟಿತ್ತು, ಅದೇ ಸೀರೆಯದು, ಅದೇ ಹಸಿರು ಅಂಚಿನದು. ಅವನು ವಾಪಸು ಬಂದು ಅದನ್ನು ಮೇಜಿನ ಮೇಲಿಟ್ಟು, ಇದು ನಮ್ಮಮ್ಮ ಇಬ್ಬರಿಗೂ ಕಟ್ಟಿಕೊಟ್ಟದ್ದು ಎಂದರೆ ನನ್ನ ಮಾತಿಗೆ ಒಂದು ಸಾಕ್ಷಿಯಾಗುತ್ತಿತ್ತು. ಬರುತ್ತಾನೆ ಎಂದು ಕಾದೆ.

ನನ್ನನ್ನು ಒಂದು ಕೋಣೆಗೆ ಕರೆದೊಯ್ದರು. ಚಡ್ಡಿಯೊಂದನ್ನು ಬಿಟ್ಟು ಎಲ್ಲ ಬಿಚ್ಚಿಸಿದರು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸನ್ನು ಬಟ್ಟೆಯ ಚೂರಿನಿಂದ ಒರೆಸಿ ಪರೀಕ್ಷೆಗೆ ಒಯ್ದರು. ಅಪ್ಪನ ಹೆಸರು, ಅಜ್ಜನ ಹೆಸರು, ಯಾವ ಮಸೀದಿಗೆ ಹೋಗುತ್ತೀ, ಅಲ್ಲಿ ಯಾರು ಏನು ಹೇಳುತ್ತಾರೆ. ನಮ್ಮ ಮಸೀದಿಯಲ್ಲಿ ಮಳೆಗಾಲವಿಡೀ ಸೋರುವ ಮಾಡಿನ ಮಾತೇ ಆಗುತ್ತದೆ ಎಂದೆ. ಯಾರೂ ನಗಲಿಲ್ಲ. ನನ್ನ ಜೊತೆ ಒಬ್ಬ ಇದ್ದಾನೆ, ಅವನ ಚೀಲ ನೋಡಿ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂತು. ಹೇಳಲಿಲ್ಲ. ಅವನು ತಾನಾಗಿ ಬರಬೇಕು ಅನ್ನಿಸಿತ್ತು.

ಯಾರೋ ಒಳಗೆ ಬರುವಾಗ ಬಾಗಿಲು ಪೂರ್ತಿ ತೆರೆಯಿತು. ಗೆಳೆಯ ಹೊರಗೆ ಅಲ್ಲೇ ಇದ್ದ. ಬರಿಮೈಯಲ್ಲಿ ಕೂತಿದ್ದ ನನ್ನನ್ನು ನೋಡಿದ. ನಾನು ಕೈ ಎತ್ತಿದೆ. ಅವನು ವಿಮಾನದ ಹೊತ್ತು ತೋರಿಸುವ ಬೋರ್ಡಿನತ್ತ ತಲೆಯೆತ್ತಿ ನೋಡಿ, ಚೀಲವನ್ನು ಹೆಗಲಿಗೇರಿಸಿ, ನಡೆದ. ಬಾಗಿಲು ಮುಚ್ಚಿತು.

ಪುಡಿಯಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲೆ ಬಟ್ಟೆ ಕೊಟ್ಟರು. ಅಷ್ಟರಲ್ಲಿ ನಮ್ಮ ವಿಮಾನ ಹೋಗಿತ್ತು. ತನಿಖೆಯಾದವನನ್ನು ಮುಂದಕ್ಕೆ ಕರೆದೊಯ್ಯುವುದಿಲ್ಲ ಎಂದು ವಿಮಾನದವರು ಹಟ ಹಿಡಿದರು. ಗೋಡೆಗೆ ಹೇಳಿದ ಹಾಗೆ ಹೇಳಿ ಹೇಳಿ ಸೋತು ಊರಿಗೆ ತಿರುಗಿದೆ.

ಮರುವಾರ ಮೂಡಿಗೆರೆ ಸಂತೆಯಲ್ಲಿ ಅವನ ಅಮ್ಮ ಸಿಕ್ಕರು. ನನಗೆ ದಾರಿಯಲ್ಲಿ ಜ್ವರ ಬಂದು ವಾಪಸಾದೆ ಎಂದು ಮಗ ಫೋನಿನಲ್ಲಿ ಹೇಳಿದ್ದನಂತೆ. ನನ್ನ ಹಣೆ ಮುಟ್ಟಿ ನೋಡಿದರು. “ಈಗ ಆರಾಮಾಗಿದ್ದೀಯಲ್ಲ ಮಗ?” ಎಂದರು. ಹೌದಮ್ಮ ಎಂದೆ. ಆ ಸುಳ್ಳು ಹೇಳುವಾಗ ಆದ ನೋವು ಆ ಕೋಣೆಯಲ್ಲೂ ಆಗಿರಲಿಲ್ಲ.

ಅವನು ಬಂದದ್ದು ಹಿಮದ ಗುಡ್ಡಗಳನ್ನೆಲ್ಲ ಸುತ್ತಿ ಮುಗಿಸಿದ ಮೇಲೆ. ಚಾಕಲೇಟಿನ ಡಬ್ಬ ಹಿಡಿದುಕೊಂಡು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತ. ನಾನು ಜೀಪಿನ ಅಡಿಯಿಂದ ಎದ್ದು ಬಂದೆ.

“ಎಂತ ಮಾಡ್ಲಿ ಹೇಳು ಮಾರಾಯ. ನಾನು ಬಂದಿದ್ರೆ ನನ್ನನ್ನೂ ಹಿಡೀತಿದ್ರು. ಇಬ್ಬರಿಗೂ ವಿಮಾನ ತಪ್ಪಿಹೋಗ್ತಿತ್ತು.”

ಅವನು ಹೇಳಿದ್ದು ಸುಳ್ಳಿರಲಾರದು. ಬಂದಿದ್ದರೆ ಹಾಗೇ ಆಗುತ್ತಿತ್ತೇನೋ.

“ಹೋದ್ರೆ ಹೋಗ್ತಿತ್ತು. ಇಬ್ಬರೂ ಒಟ್ಟಿಗೆ ವಾಪಸ್ ಬರ್ತಿದ್ವಲ್ಲ” ಎಂದೆ.

ಅವನು ಡಬ್ಬವನ್ನು ಬಾನೆಟ್ಟಿನ ಮೇಲಿಟ್ಟ. ಹೊರಗೆ ರಸ್ತೆ ನೋಡುತ್ತ ಕೇಳಿದ: “ನೀನಾಗಿದ್ರೆ ಬರ್ತಿದ್ಯಾ?”

“ಬರ್ತಿದ್ದೆ.”

“ಗೊತ್ತು” ಎಂದ.

ಮತ್ತೆ ಅವನು ವರ್ಕ್‌ಶಾಪಿಗೆ ಬಂದಿಲ್ಲ. ಅವತ್ತು ನಾನು ಬೈದುಬಿಟ್ಟಿದ್ದರೆ ಬರುತ್ತಿದ್ದನೇನೋ. ಮೊದಲೆಲ್ಲ ನಾನೇ ನೋಡಿಕೊಳ್ಳುತ್ತಿದ್ದ ಅವನ ಜೀಪು ಈಗ ಕೊಟ್ಟಿಗೆಹಾರದಲ್ಲಿ ರಿಪೇರಿಯಾಗುತ್ತದಂತೆ. ಅಲ್ಲಿ ಕ್ಲಚ್ಚು ಸರಿಯಾಗಿ ಕೂರಿಸಿಲ್ಲ, ನಮ್ಮ ಮುಂದಿನಿಂದ ಹೋಗುವಾಗ ಸದ್ದಿನಲ್ಲೇ ತಿಳಿಯುತ್ತದೆ. ಹೀಗೇ ಬಿಟ್ಟರೆ ಘಾಟಿಯ ನಡುವೆ ಕೈಕೊಡುತ್ತದೆ. ಹೇಳಬೇಕೆಂದು ಒಮ್ಮೆ ರಸ್ತೆಯವರೆಗೂ ಓಡಿ ಕೈ ಬೀಸಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿದ, ಅದು ನನಗೆ ಕಂಡಿತು. ಜೀಪು ನಿಲ್ಲಲಿಲ್ಲ.