ಎಂಟು ಗಂಟೆಯ ರೈಲು

ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಪೀಣ್ಯದ ನಮ್ಮ ಕಾರ್ಖಾನೆಯವರು ನನ್ನನ್ನೂ ಇನ್ನೊಬ್ಬ ಗೆಳೆಯನನ್ನೂ ತರಬೇತಿಗೆಂದು ರಷ್ಯಾಕ್ಕೆ ಕಳಿಸಿದರು. ಮಾಸ್ಕೋ ನೋಡುವ ಆಸೆಯಲ್ಲಿ ಹೊರಟ ನಮ್ಮನ್ನು ಒಯ್ದು ಇಳಿಸಿದ್ದು ಮಾಸ್ಕೋದಿಂದ ಬಹುದೂರದ ಉರಲ್ ಬೆಟ್ಟಗಳ ಸೀಮೆಯ ಒಂದು ರೈಲ್ವೆ ಊರಿನಲ್ಲಿ. ಎಲ್ಲಿ ನೋಡಿದರೂ ಹಳಿ, ಹೊಗೆ, ಪಾಳಿ ಬದಲಾಗುವ ಸೈರನ್ನು. ಇಷ್ಟು ದೂರ ಬಂದು ಇನ್ನೊಂದು ಪೀಣ್ಯ ನೋಡಬೇಕೇ ಎಂದು ನನಗೆ ಸಿಟ್ಟೇ ಬಂದಿತ್ತು.

ಆ ಊರು ಏನೆಂದು ತಿಳಿಸಿದವಳು ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಬೀಗದ ಕೈ ಇಟ್ಟುಕೊಂಡು ಕೂರುತ್ತಿದ್ದ ಅಜ್ಜಿ. ಮೊದಲು ಅಲ್ಲಿ ಬರೀ ಕಾಡಿತ್ತಂತೆ. ಹಳಿ ಬಂತು, ಎಂಜಿನ್ನಿಗೆ ನೀರು ಬೇಕಾಯಿತು, ನೀರಿನ ಗೋಪುರ ಎದ್ದಿತು. ಅದನ್ನು ನೋಡಿಕೊಳ್ಳುವವನಿಗೆ ಒಂದು ಮನೆ. ಆಮೇಲೆ ಶೆಡ್ಡು, ವರ್ಕ್‌ಶಾಪು, ಶಾಲೆ, ಆಸ್ಪತ್ರೆ. ಎಲ್ಲವೂ ರೈಲ್ವೆಯದೇ. ಅವಳಪ್ಪ ಎಂಜಿನ್ನಿಗೆ ಕಲ್ಲಿದ್ದಲು ಹಾಕಿದವನು. ಅವಳು ಇದೇ ನಿಲ್ದಾಣದಲ್ಲಿ ಬಾವುಟ ತೋರಿಸಿದವಳು. ಗಂಡ ಯುದ್ಧಕ್ಕೆ ಹೊರಟ ದಿನವೂ ಅವಳಿಗೆ ಡ್ಯೂಟಿ. ಅವನಿದ್ದ ಗಾಡಿಗೆ ಬಾವುಟ ಬೀಸಿ ಕಳಿಸಿದಳು. ಯಾವ ಬೋಗಿಯಲ್ಲಿದ್ದನೋ, ಮುಖ ಕಾಣಲಿಲ್ಲ. ಅವನು ತಿರುಗಿ ಬರಲೂ ಇಲ್ಲ.

ಆ ಊರಿನವರಿಗೆ ಎರಡು ಸಮಯ. ಆ ದೇಶದಲ್ಲಿ ರೈಲುಗಳೆಲ್ಲ ಓಡುವುದು ಮಾಸ್ಕೋ ಸಮಯಕ್ಕೆ. ಊರಿನ ಗಡಿಯಾರದಲ್ಲಿ ಎಂಟಾದಾಗ ನಿಲ್ದಾಣದ ಗಡಿಯಾರದಲ್ಲಿ ಆರು. ಮೊದಲ ಭಾನುವಾರ ಪಕ್ಕದ ಊರಿಗೆ ಹೊರಟು, ಟಿಕೆಟ್ಟಿನಲ್ಲಿದ್ದ ಹತ್ತು ಗಂಟೆಯನ್ನು ನಂಬಿ ನಾನು ಎರಡು ತಾಸು ಚಳಿಯಲ್ಲಿ ನಿಂತು ಬಂದಿದ್ದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ರೈಲಿನ ಮಾತಾದರೆ ಮಾಸ್ಕೋ ಗಂಟೆ, ಊಟದ ಮಾತಾದರೆ ನಮ್ಮ ಗಂಟೆ. ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು ಮಗನೇ.”

ಮಾಂಸ ಮುಟ್ಟದ ನನಗಾಗಿ ಅವಳು ಆಲೂಗಡ್ಡೆ ತುಂಬಿದ ಬನ್ನು ಸುಟ್ಟು ತರುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನನಗೆ ಊಟವಾಯಿತೇ ಎಂದು ದಿನವೂ ಕೇಳಿದವಳು ಅವಳೊಬ್ಬಳೇ.

ತರಬೇತಿ ಮುಗಿದು ನಾನು ಹೊರಡಲು ಒಂದೇ ದಿನ ಉಳಿದಿತ್ತು. ಗೆಳೆಯನಿಗೆ ಇನ್ನೂ ಒಂದು ತಿಂಗಳ ಕೆಲಸವಿತ್ತು. “ನಾಳೆ ನನಗೆ ರಜೆ, ಮನೆಯಿಂದ ನೇರ ನಿಲ್ದಾಣಕ್ಕೇ ಬರುತ್ತೇನೆ. ಈ ಸಲ ಮುಖ ನೋಡಿಯೇ ಕಳಿಸುತ್ತೇನೆ, ಎಷ್ಟು ಗಂಟೆಗೆ ರೈಲು?” ಎಂದಳು ಅಜ್ಜಿ. ಟಿಕೆಟ್ಟಿನಲ್ಲಿ ಆರು ಎಂದಿತ್ತು. ವಯಸ್ಸಾದವಳಿಗೆ ಲೆಕ್ಕ ಹಾಕುವ ಕಷ್ಟವೇಕೆಂದು ನಾನೇ ಊರಿನ ಸಮಯಕ್ಕೆ ಬದಲಾಯಿಸಿ, “ಬೆಳಿಗ್ಗೆ ಎಂಟಕ್ಕೆ” ಎಂದೆ. ಜಾಣತನ ತೋರಿಸುವ ಚಟ ನನಗೆ ಮೊದಲಿನಿಂದಲೂ ಇದೆ.

ಗಾಡಿ ಐದು ನಿಮಿಷ ನಿಂತಿತು. ನಾನು ಬಾಗಿಲ ಮೆಟ್ಟಿಲ ಮೇಲೇ ನಿಂತು ಪ್ಲಾಟ್‌ಫಾರ್ಮ್ ಪೂರ್ತಿ ಕಣ್ಣಾಡಿಸಿದೆ. ಅವಳ ಸುಳಿವಿಲ್ಲ. ಗಾಡಿ ಚಲಿಸಿತು. ಬೋಗಿಯ ಕಂಡಕ್ಟರಮ್ಮ ನನ್ನನ್ನು ಒಳಗೆಳೆದುಕೊಂಡಳು. ಆರು ತೋರಿಸುತ್ತಿದ್ದ ನಿಲ್ದಾಣದ ಗಡಿಯಾರ ಕಣ್ಣಿಗೆ ಬಿದ್ದಾಗಲೇ ನಾನು ಮಾಡಿದ್ದು ಹೊಳೆದದ್ದು. ರೈಲಿನ ಮಾತಾದರೆ ಮಾಸ್ಕೋ ಗಂಟೆ. ನನ್ನ ಎಂಟನ್ನು ಅವಳು ಮಾಸ್ಕೋ ಎಂಟೆಂದೇ ತಿಳಿದಿರುತ್ತಾಳೆ, ಬರುವುದು ಇನ್ನೆರಡು ತಾಸಿಗೆ. ಸೀಟಿನಲ್ಲಿ ಕೂತು ಅತ್ತುಬಿಟ್ಟೆ.

ಒಂದು ತಿಂಗಳ ನಂತರ ಗೆಳೆಯ ಪೀಣ್ಯದ ನಮ್ಮ ಮನೆಗೆ ಬಂದ. ಅಜ್ಜಿ ಕೊಟ್ಟ ಉಣ್ಣೆಯ ಕಾಲುಚೀಲಗಳನ್ನು ಮುಂದಿಟ್ಟ.

“ನಿಲ್ದಾಣದ ಗಂಟೆ ಎಂಟಕ್ಕೂ ಒಂದು ಗಾಡಿ ಇತ್ತು ಗುರು, ಅದೂ ಮಾಸ್ಕೋಗೇ. ಬನ್ನು ಹಿಡ್ಕೊಂಡು ಒಂದೊಂದು ಕಿಟಕೀಗೂ ಇಣುಕಿ ನೋಡಿದ್ಳಂತೆ. ಅಷ್ಟರಲ್ಲಿ ಹೊರಟ್ಬಿಡ್ತು. ಒಳಗೆ ನೀನಿದ್ದೀಯ ಅಂದ್ಕೊಂಡು ಆ ಗಾಡಿಗೇ ಕೈ ಬೀಸಿ ಬಂದ್ಳಂತೆ. ‘ಅವನಿಗೆ ನಾನು ಕಂಡೆನಾ, ಕೇಳಿ ಬರೆ’ ಅಂದಿದ್ದಾಳೆ.”

“ನಿಜ ಹೇಳ್ಬಿಟ್ಯಾ?”

“ಹೆಂಗ್ ಹೇಳ್ಲಿ?”

ನಾನು ಕಾಲುಚೀಲಗಳನ್ನು ಕೈಗೆತ್ತಿಕೊಂಡೆ. ಆಮೇಲೆ, “ಅವತ್ತು ತಲೆಗೆ ಯಾವ ಬಣ್ಣದ ವಸ್ತ್ರ ಕಟ್ಟಿದ್ಳು?” ಎಂದು ಕೇಳಿದೆ.

“ನೀಲಿ. ಹೊಸದು. ಯಾಕೆ?”

ಅವತ್ತೇ ನನ್ನ ಹರಕು ರಷ್ಯನ್ನಿನಲ್ಲಿ ಕಾಗದ ಬರೆದೆ. ಅಜ್ಜಿ, ನಿನ್ನ ನೀಲಿ ವಸ್ತ್ರ ದೂರದವರೆಗೂ ಕಾಣುತ್ತಿತ್ತು, ನಿನ್ನ ಮುಖವನ್ನೂ ನೋಡಿದೆ, ನಾನೂ ಕೈ ಬೀಸಿದೆ.